ಮೂರು ರಾಜ್ಯದ ಕಳವು ಬೈಕ್‌ಗಳಿಗೆ ಒಂದೇ ಪಟ್ಟಿ ಮಾಡಿದ ನನ್ನ ಅನುಭವ

ಪತ್ತೆಯಾಗಲಿಲ್ಲ ಅಂತ ಸಿ ರಿಪೋರ್ಟ್ ಹಾಕಿ, ಕೇಸ್ ಮುಚ್ಚಿ ಮರೆತಿದ್ದ ಬೈಕ್‌ಗಳಲ್ಲಿ ಮೂವತ್ತಕ್ಕೂ ಜಾಸ್ತಿ ವಾಪಸ್ ತಂದೆವು. ಕಳ್ಳರ ಬೆನ್ನು ಹತ್ತಲಿಲ್ಲ, ಒಂದು ಸಿಡಿಆರ್ (ಫೋನ್ ಕರೆಗಳ ವಿವರ) ಕೂಡ ತೆಗೆಸಲಿಲ್ಲ. ಹೀಗಂದರೆ ಕ್ರೈಂ ಸ್ಟಾಫ್ ಗೆಳೆಯರು ನಗುತ್ತಾರೆ. ಆಗಲೂ ನಕ್ಕಿದ್ದರು. "ಸಿಸಿಟಿಎನ್‌ಎಸ್ ಇದೆ, ಎನ್‌ಸಿಆರ್‌ಬಿಯವರ ವಾಹನ ಸಮನ್ವಯ ಇದೆ, ಇವನೊಬ್ಬ ಎಕ್ಸೆಲ್ ಶೀಟ್ ಹಿಡ್ಕೊಂಡು ಕೂತಿದ್ದಾನೆ" ಅಂತ. ಮೊದಲನೆಯದು ದೇಶದ ಠಾಣೆಗಳನ್ನು ಜೋಡಿಸುವ ಕಂಪ್ಯೂಟರ್ ಜಾಲ, ಎರಡನೆಯದು ಕಳವು ವಾಹನ ಹುಡುಕುವ ಕೇಂದ್ರದ ವ್ಯವಸ್ಥೆ. ಈಗ ನಿವೃತ್ತನಾಗಿದ್ದೇನೆ, ಬರೆಯಲು ಅಡ್ಡಿಯಿಲ್ಲ.

ನಾನು ರೈಟರ್, ಅಂದರೆ ಠಾಣೆಯ ಕಡತ ಬರೆಯುವ ಪೊಲೀಸ್, ಆಗಿದ್ದದ್ದು ಕೋಲಾರ ಸೀಮೆಯ ಒಂದು ಗಡಿ ಠಾಣೆಯಲ್ಲಿ. ಆ ಕಡೆ ಆಂಧ್ರದ ಕುಪ್ಪಂ, ಈ ಕಡೆ ತಮಿಳುನಾಡಿನ ಕೃಷ್ಣಗಿರಿ. ರಾತ್ರಿ ಬೈಕ್ ಎತ್ತಿದವನು ಬೆಳಗಾಗುವುದರೊಳಗೆ ಎರಡು ರಾಜ್ಯ ದಾಟಿರುತ್ತಾನೆ. ನಾವು ದಾಟಬೇಕಾದರೆ ಓಡಿ (ಕೆಲಸದ ಮೇಲೆ ಹೊರಗೆ ಹೋಗುವ ಅಪ್ಪಣೆ) ಬೇಕು, ಜೀಪಿಗೆ ಡೀಸೆಲ್ ಬೇಕು, ಸಾಹೇಬರ ಸಹಿ ಬೇಕು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು. ಪಕ್ಕದ ಠಾಣೆಗಳಿಗೆಲ್ಲ ಪತ್ರ, ಫೋಟೊ, ಎಫ್‌ಐಆರ್ ಪ್ರತಿ ಕಳಿಸಿದೆವು. ಉತ್ತರ ಬಂದದ್ದು ಎರಡೋ ಮೂರೋ. ಅದೂ "ಅಂಥ ವಾಹನ ಇಲ್ಲ" ಅಂತ. ನಮ್ಮ ಎಫ್‌ಐಆರ್ ಕನ್ನಡದಲ್ಲಿ, ಅವರ ರಿಜಿಸ್ಟರ್ ತಮಿಳಿನಲ್ಲಿ. ಯಾರು ಕೂತು ಓದುತ್ತಾರೆ? ಆಮೇಲೆ ನಾಲ್ಕು ಜನರ ಟೀಂ ಕಳಿಸಿದರು. ಒಂದು ಸಲ ಹೋಗಿಬಂದರೆ ಡೀಸೆಲ್, ಲಾಡ್ಜ್, ಊಟ ಎಲ್ಲ ಸೇರಿ ಹತ್ತು ಹನ್ನೆರಡು ಸಾವಿರ. ಅರ್ಧಕ್ಕರ್ಧ ನಮ್ಮ ಜೇಬಿನದು. ಟಿಎ ಬಿಲ್ ಪಾಸಾಗುವ ಹೊತ್ತಿಗೆ ಯಾವ ಕೇಸಿಗೆ ಹೋಗಿದ್ದೆವು ಅನ್ನೋದೇ ಮರೆತಿರುತ್ತಿತ್ತು. ಅಷ್ಟೆಲ್ಲ ಅಲೆದು ತಂದದ್ದು ಒಂದು ಹಳೇ ಸ್ಪ್ಲೆಂಡರ್. ಅದನ್ನು ಮಾರಿದರೂ ನಮ್ಮ ಖರ್ಚು ಹುಟ್ಟುತ್ತಿರಲಿಲ್ಲ.

ಆ ಓಡಾಟದಲ್ಲೇ ಒಂದು ವಿಷಯ ಕಣ್ಣಿಗೆ ಬಿತ್ತು. ನಮ್ಮ ಬೈಕ್‌ಗಳು ಬಹಳಷ್ಟು ಕಳ್ಳರ ಹತ್ತಿರ ಇರಲೇ ಇಲ್ಲ. ಪಕ್ಕದ ರಾಜ್ಯದ ಪೊಲೀಸರ ಹತ್ತಿರವೇ ಇದ್ದವು! ಪೆಟ್ರೋಲ್ ಮುಗಿದು ಬಿಟ್ಟು ಹೋದದ್ದು, ಚೆಕ್ಕಿಂಗ್‌ನಲ್ಲಿ ಎಸೆದು ಓಡಿದ್ದು. ಅವರು ವಾರಸುದಾರರಿಲ್ಲದ ವಾಹನ ಅಂತ ಆಗಿನ ಸಿಆರ್‌ಪಿಸಿಯ 102ನೇ ಕಲಮಿನ ಕೆಳಗೆ ಜಪ್ತಿ ಮಾಡಿ ಠಾಣೆ ಹಿಂದೆ ನಿಲ್ಲಿಸಿದ್ದರು. ನಂಬರ್ ಪ್ಲೇಟ್ ಸುಳ್ಳು, ಆದರೆ ಬೈಕಿನ ಚೌಕಟ್ಟಿನ ಮೇಲೆ ಕೊರೆದ ಚಾಸಿಸ್ ನಂಬರ್ ಹಾಗೇ ಇತ್ತು. ಅವರ ಪ್ರಕಾರ ಅದಕ್ಕೆ ಮಾಲೀಕನಿಲ್ಲ, ನಮ್ಮ ಪ್ರಕಾರ ಬೈಕೇ ಇಲ್ಲ.

ಹಾಗಾದರೆ ಕಂಪ್ಯೂಟರಿನಲ್ಲಿ ಯಾಕೆ ಸಿಗಲಿಲ್ಲ? ಟೈಪಿಂಗ್. ಫಿರ್ಯಾದಿ ತರುವುದು ಮಾಸಿದ ಆರ್‌ಸಿ ಜೆರಾಕ್ಸ್. ಹದಿನೇಳು ಅಕ್ಷರದ ಚಾಸಿಸ್ ನಂಬರಿನಲ್ಲಿ ಸೊನ್ನೆ ಇದ್ದಲ್ಲಿ ಇಂಗ್ಲಿಷಿನ ಓ, ಒಂದು ಇದ್ದಲ್ಲಿ ಐ, ಎಂಟು ಇದ್ದಲ್ಲಿ ಬಿ ಬಿದ್ದಿರುತ್ತದೆ. ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ ಸರ್ಚ್ ಖಾಲಿ. ಹದಿನೇಳು ಅಕ್ಷರದ ನಂಬರಿನಲ್ಲಿ ಐ, ಓ, ಕ್ಯೂ ಬಳಸುವುದೇ ಇಲ್ಲ ಅನ್ನುವುದು ನಮ್ಮ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಹಾಗಾಗಿ ನಮ್ಮ ಕಳವು ಬೈಕ್‌ಗಳದ್ದೂ ಅವರು ಜಪ್ತಿ ಮಾಡಿದ ಬೈಕ್‌ಗಳದ್ದೂ ನಂಬರ್ ಒಂದೇ ಎಕ್ಸೆಲ್ ಶೀಟ್‌ಗೆ ಹಾಕಿ, ಓ ಎಲ್ಲ ಸೊನ್ನೆ, ಐ ಎಲ್ಲ ಒಂದು ಮಾಡಿದೆ. ಕೊನೆಯ ಐದು ಅಂಕಿ ಮಾತ್ರ ತೆಗೆದು ಹೋಲಿಸಿದೆ. ಐದು ಅಂಕಿ ಕೂಡಿದರೆ ಮೊದಲ ಮೂರು ಅಕ್ಷರ ನೋಡುವುದು. ಎಂಬಿಎಲ್ ಇದ್ದರೆ ಹೀರೋ, ಎಂಡಿ6 ಇದ್ದರೆ ಟಿವಿಎಸ್. ಅಲ್ಲಿಗೆ ಸುಳ್ಳು ಹಿಟ್‌ಗಳು ಮುಕ್ಕಾಲು ಭಾಗ ಉದುರುತ್ತವೆ.

ಇನ್ನು ಅವರ ಪಟ್ಟಿ ಬೇಕಲ್ಲ. ಕೇಳಿದರೆ ಯಾರೂ ಕೊಡುವುದಿಲ್ಲ. ನಾನು ಮೊದಲು ಕೊಟ್ಟೆ. ನಮ್ಮ ಠಾಣೆ ಹಿಂದೆ ಬಿದ್ದಿದ್ದ ಬೈಕ್‌ಗಳನ್ನೆಲ್ಲ ಸೀಮೆಎಣ್ಣೆ, ವೈರ್ ಬ್ರಶ್ ಹಾಕಿ ಉಜ್ಜಿಸಿ, ಚಾಸಿಸ್ ನಂಬರಿನ ಫೋಟೊ ತೆಗೆದು ಆಂಧ್ರ ಮತ್ತು ತಮಿಳುನಾಡಿನ ರೈಟರ್‌ಗಳಿಗೆ ಕಳಿಸಿದೆ. ತಮಿಳುನಾಡಿನ ಒಬ್ಬ ಏಟ್ಟಯ್ಯನಿಗೆ (ಅಲ್ಲಿ ಹೆಡ್ ಕಾನ್‌ಸ್ಟೇಬಲ್‌ಗೆ ಹಾಗನ್ನುತ್ತಾರೆ) ತಮ್ಮ ಕೇಸಿನ ಎರಡು ಬೈಕ್ ಅದರಲ್ಲೇ ಸಿಕ್ಕವು. ಮಾರನೇ ದಿನ ಆತನೇ ಠಾಣೆ ಹಿಂದೆಲ್ಲ ಓಡಾಡಿ ವಿಡಿಯೊ ಮಾಡಿ ಕಳಿಸಿದ. ನನಗೆ ತೆಲುಗು, ತಮಿಳು ಎರಡೂ ಬರುವುದು ಇಲ್ಲಿ ಕೆಲಸಕ್ಕೆ ಬಂತು. ನಮ್ಮ ಕಡೆ ಹುಟ್ಟಿದವರಿಗೆ ಅದೇನು ದೊಡ್ಡದಲ್ಲ ಬಿಡಿ. ಆರೇಳು ತಿಂಗಳಲ್ಲಿ ಇಪ್ಪತ್ತು ಚಿಲ್ಲರೆ ಠಾಣೆಗಳ ಪಟ್ಟಿ ಕೈಸೇರಿತು.

ಚಾಸಿಸ್ ನಂಬರ್ ಉಜ್ಜಿ ಹಾಕಿದ ಬೈಕ್‌ಗಳಿಗೂ ಒಂದು ದಾರಿ ಕಂಡುಕೊಂಡೆವು. ಅದನ್ನು ಇಲ್ಲಿ ಬರೆಯುವುದಿಲ್ಲ. ಬೇರೆ ಕಸುಬಿನವರೂ ಓದುತ್ತಾರೆ.

ಸಿಕ್ಕಿದ್ದು ಒಂದಾದರೆ ತರುವುದು ಇನ್ನೊಂದು. ವಾಹನ ಅವರ ಕೋರ್ಟಿನ ವಶದಲ್ಲಿರುತ್ತದೆ. ಮಾಲೀಕನೇ ಅಲ್ಲಿ ಅರ್ಜಿ ಹಾಕಬೇಕು, ವಕೀಲರಿಗೆ ಮೂರೋ ನಾಲ್ಕೋ ಸಾವಿರ, ಕನ್ನಡದ ಎಫ್‌ಐಆರ್ ಅನುವಾದಕ್ಕೆ ಬೇರೆ. ಸುಂದರಭಾಯಿ ಅಂಬಾಲಾಲ್ ದೇಸಾಯಿ ಕೇಸಿನಲ್ಲಿ ಸುಪ್ರೀಂ ಕೋರ್ಟು 2002ರಲ್ಲೇ ವಾಹನಗಳನ್ನು ಠಾಣೆಯಲ್ಲಿ ಬಹಳ ದಿನ ಕೊಳೆಹಾಕಬೇಡಿ, ಫೋಟೊ, ಬಾಂಡ್ ತೆಗೆದುಕೊಂಡು ಬಿಡಿ ಅಂದಿದೆ. ಅದರ ಪ್ರತಿ ಅರ್ಜಿಗೆ ಲಗತ್ತಿಸಿದರೆ ಕೆಲಸ ಬೇಗ. ಆಮೇಲೆ ಐದಾರು ಜನ ಮಾಲೀಕರನ್ನು ಒಟ್ಟುಮಾಡಿ ಒಂದೇ ಟಾಟಾ ಏಸ್ ಮಾಡಿಸಿದೆವು. ತಲೆಗೆ ಎಂಟುನೂರೋ ಒಂಬೈನೂರೋ ಬಿತ್ತು. ಇಲಾಖೆಗೆ ಡೀಸೆಲ್ ಖರ್ಚು ಸೊನ್ನೆ. ಆಗ ನಕ್ಕವರು ಶೀಟ್ ಕೇಳಲು ಶುರುಮಾಡಿದರು.

ಮಧ್ಯೆ ಮೊಬೈಲ್ ಕಳವಿಗೂ ಇದನ್ನೇ ಮಾಡಲು ಹೊರಟಿದ್ದೆ. 2023ರಲ್ಲಿ ಕಳೆದ ಫೋನ್ ಬ್ಲಾಕ್ ಮಾಡಿ ಪತ್ತೆಹಚ್ಚುವ ಕೇಂದ್ರದ ಸಿಇಐಆರ್ ದೇಶಕ್ಕೆಲ್ಲ ಬಂದು ನನ್ನ ಶೀಟ್ ಕಸವಾಯಿತು. ಕೋಲಾರದಲ್ಲಿ ಕಳೆದ ಫೋನನ್ನು ಬಿಹಾರದಲ್ಲಿ ಆನ್ ಮಾಡಿದರೂ ಗೊತ್ತಾಗುತ್ತದೆ. ಯಾವ ಏಟ್ಟಯ್ಯನ ಸ್ನೇಹವೂ ಬೇಕಿಲ್ಲ.

ಇನ್ನೊಂದು ಪ್ರಯತ್ನ ಯುಡಿಆರ್‌ನದು, ಅಂದರೆ ಅಸಹಜ ಸಾವಿನ ಕೇಸುಗಳದು. ಬಂಗಾರಪೇಟೆಯಿಂದ ಜೋಲಾರ್‌ಪೇಟೆಗೆ ಹೋಗುವ ಹಳಿ ಕರ್ನಾಟಕ, ಆಂಧ್ರ, ತಮಿಳುನಾಡು ಮೂರನ್ನೂ ಹಾದುಹೋಗುತ್ತದೆ. ನಮ್ಮಲ್ಲಿ ಕಾಣೆಯಾದವರ ಕೇಸ್, ಮೂವತ್ತು ಮೈಲಿ ಆಚೆ ಹಳಿ ಪಕ್ಕ ಗುರುತು ಸಿಗದ ಶವ. ರೈಲ್ವೆ ಆಸ್ತಿ ಕಾಯುವ ಆರ್‌ಪಿಎಫ್ ಇಡೀ ದೇಶಕ್ಕೆ ಒಂದೇ, ಒಂದು ಫೋನಿಗೆ ಮಾಹಿತಿ ಬರುತ್ತದೆ. ಆದರೆ ಕೇಸ್ ಮಾಡುವ ರೈಲ್ವೆ ಪೊಲೀಸರು ಆಯಾ ರಾಜ್ಯದವರು. ಅಲ್ಲಿ ಮತ್ತೆ ಪತ್ರ, ಮತ್ತೆ ಕಾಯುವುದು. ಸೀರೆ ಬಣ್ಣ, ಹಚ್ಚೆ, ಎತ್ತರ ಹಾಕಿ ಹೋಲಿಸಿದೆ. ಎರಡು ಮನೆಯವರಿಗೆ ಉತ್ತರ ಸಿಕ್ಕಿತು. ಮುಂದೆ ಹೋಗಲಿಲ್ಲ. ಶವದ ಮೇಲೆ ಚಾಸಿಸ್ ನಂಬರ್ ಇರುವುದಿಲ್ಲವಲ್ಲ.

ದೇಶಕ್ಕೆಲ್ಲ ಒಂದೇ ಪೊಲೀಸ್ ಆಗಬೇಕು ಅನ್ನುವ ಮಾತು ಆಗಾಗ ಬರುತ್ತದೆ. 2022ರ ಅಕ್ಟೋಬರಿನಲ್ಲಿ ಪ್ರಧಾನಿ ಒಂದೇ ಯೂನಿಫಾರ್ಮ್ ಇರಲಿ ಅಂದಾಗ ನಮ್ಮ ಠಾಣೆಯಲ್ಲಿ ವಾರಗಟ್ಟಲೆ ಟೋಪಿಯದೇ ಚರ್ಚೆ. ಪೊಲೀಸ್ ರಾಜ್ಯಪಟ್ಟಿಯ ವಿಷಯ, ಅದು ಸುಲಭಕ್ಕೆ ಬದಲಾಗುವುದಿಲ್ಲ. ಸ್ಕಾಟ್ಲೆಂಡಿನವರು 2013ರಲ್ಲಿ ಎಂಟು ಪಡೆ ಸೇರಿಸಿ ಒಂದು ಮಾಡಿದರು ನಿಜ. ಅಲ್ಲಿರುವ ಜನ ಐವತ್ತು ಚಿಲ್ಲರೆ ಲಕ್ಷ, ಬೆಂಗಳೂರಿಗಿಂತ ಕಡಿಮೆ. ನಮ್ಮ ಹಳ್ಳಿಯ ಜಗಳ ದೆಹಲಿಯಲ್ಲಿ ಕೂತವರಿಗೆ ಅರ್ಥವಾಗುವುದಿಲ್ಲ, ಅದು ನನಗೆ ಬೇಡ. ಆದರೆ ಜಪ್ತಿ ಮಾಲು, ಕಾಣೆಯಾದವರು, ಗುರುತು ಸಿಗದ ಶವ, ಈ ಮೂರಕ್ಕೆ ದೇಶಕ್ಕೊಂದೇ ರಿಜಿಸ್ಟರ್, ಒಂದೇ ನಮೂನೆ, ಗಡಿ ದಾಟುವ ಖರ್ಚಿಗೆ ಒಂದೇ ನಿಧಿ ಬೇಕೇ ಬೇಕು. ಒಂದೇ ಪೊಲೀಸ್‌ನ ಲಾಭ ನೂರಕ್ಕೆ ಎಂಬತ್ತು ಅಷ್ಟರಲ್ಲೇ ಬರುತ್ತದೆ ಅಂತ ನನ್ನ ಲೆಕ್ಕ. ಈಗಿರುವ ಸಾಫ್ಟ್‌ವೇರ್‌ನಲ್ಲಿ ಓ ಟೈಪ್ ಮಾಡಿದರೆ ತಗೊಳ್ಳಲೇಬಾರದು, ಅಷ್ಟು ಮಾಡಿದರೂ ಸಾಕಿತ್ತು.

ಶುರುಮಾಡುವವರು ಒಂದು ವಿಷಯ ಗಮನಿಸಿ. ಸಿ ರಿಪೋರ್ಟ್ ತೋರಿಸಿ ಇನ್ಶೂರೆನ್ಸ್ ದುಡ್ಡು ತಗೊಂಡಾಗಿದ್ದರೆ ಆ ಬೈಕ್ ಮಾಲೀಕನದಲ್ಲ, ಕಂಪನಿಯದು. ನಮ್ಮ ಪಟ್ಟಿಯಲ್ಲಿ ಏಳೆಂಟು ಹಾಗೇ ಇದ್ದವು. ಒಬ್ಬರು ಸಿಹಿ ಹಂಚಿಕೊಂಡು ಬಂದಿದ್ದರು, ಬರಿಗೈಲಿ ವಾಪಸ್ ಹೋದರು. ಬೈಕ್ ಸಿಕ್ಕಿದೆ ಅಂತ ಫೋನ್ ಮಾಡುವ ಮೊದಲೇ ಕ್ಲೈಮ್ ಆಗಿದೆಯಾ ಕೇಳಿಬಿಡಿ.