ಹದಿನೆಂಟು ತುಂಬಿದೆ ಅನ್ನೋದಕ್ಕೆ ಇಡೀ ಆಧಾರ್ ಯಾಕೆ ಕೊಡಬೇಕು?

ಹದಿನೆಂಟರೊಳಗೆ ಎಂದು ದಾಖಲಾದ ಇನ್‌ಸ್ಟಾಗ್ರಾಂ ಖಾತೆಯ ಜನ್ಮದಿನಾಂಕ ತಿದ್ದಲು ಹೋದರೆ, ಗುರುತಿನ ಚೀಟಿಯನ್ನೋ ಮುಖದ ವಿಡಿಯೊವನ್ನೋ ಕೇಳುತ್ತದೆ. ಇಂಥ ತಪಾಸಣೆ ಎಲ್ಲೆಡೆ ಹೆಚ್ಚುತ್ತಿದೆ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16ರೊಳಗಿನವರಿಗೆ ಸಾಮಾಜಿಕ ಜಾಲತಾಣದ ಖಾತೆಯೇ ಇಲ್ಲ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18ರೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ಆದರೆ ಕೊಟ್ಟ ಚೀಟಿ ಭದ್ರವಾಗಿ ಇರುತ್ತದೆ ಎಂಬ ಖಾತ್ರಿ ಇಲ್ಲ: 2025ರ ಅಕ್ಟೋಬರ್‌ನಲ್ಲಿ ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್ ಬಳಸುವ ಸುಮಾರು 70,000 ಮಂದಿಯ ಗುರುತಿನ ಚೀಟಿಯ ಫೋಟೊಗಳು ಹೊರಗುತ್ತಿಗೆ ಕಂಪನಿಯೊಂದರ ಮೂಲಕ ಸೋರಿದ್ದು ಬಯಲಾಗಿತ್ತು.

ಚೀಟಿಯನ್ನೇ ಕೊಡುವುದಾದರೆ, ಮೊದಲು ಸಂಖ್ಯೆ ಮರೆಮಾಡಿದ ಆಧಾರ್ ಇಳಿಸಿಕೊಳ್ಳಿ. ಆಧಾರ್ ಕೊಡುವ ಪ್ರಾಧಿಕಾರ ಯುಐಡಿಎಐನ ಮೈ ಆಧಾರ್ ತಾಣದಲ್ಲಿ ಒಟಿಪಿ ಕೊಟ್ಟು ಒಳಹೋಗಿ, ಡೌನ್‌ಲೋಡ್ ಆಧಾರ್ ಒತ್ತಿ, 'ಮಾಸ್ಕ್ಡ್ ಆಧಾರ್' ಚೌಕಕ್ಕೆ ಟಿಕ್ ಹಾಕಿ. ಪಿಡಿಎಫ್ ತೆರೆಯಲು ಪಾಸ್‌ವರ್ಡ್: ಹೆಸರಿನ ಮೊದಲ ನಾಲ್ಕು ಅಕ್ಷರ ಇಂಗ್ಲಿಷಿನ ದೊಡ್ಡಕ್ಷರದಲ್ಲಿ, ಅದಕ್ಕೆ ಅಂಟಿಕೊಂಡೇ ಹುಟ್ಟಿದ ವರ್ಷ. ಇದರಲ್ಲಿ ಸಂಖ್ಯೆಯ ಮೊದಲ 8 ಅಂಕಿ ಕಾಣುವುದಿಲ್ಲ, ಕೊನೆಯ 4 ಮಾತ್ರ ಉಳಿಯುತ್ತವೆ.

ಇಲ್ಲಿಗೇ ನಿಲ್ಲಿಸುವವರೇ ಬಹಳ. ಸಂಖ್ಯೆ ಮರೆಯಾದರೂ ವಿಳಾಸ ಹಾಗೇ ಇರುತ್ತದೆ. ಕ್ಯೂಆರ್ ಕೋಡ್ ಒಳಗಂತೂ ಹೆಸರು, ವಿಳಾಸ, ಜನ್ಮದಿನಾಂಕ, ಫೋಟೊ ಎಲ್ಲವೂ ಇವೆ. ವಯಸ್ಸಿಗೆ ಇವೆರಡೂ ಬೇಡ. ಫೋಟೊ, ಹೆಸರು, ಜನ್ಮದಿನಾಂಕ ಇರುವ ಮುಂಬದಿಯನ್ನಷ್ಟೇ ಸ್ಕ್ರೀನ್‌ಶಾಟ್ ತೆಗೆಯಿರಿ. ಮುಚ್ಚುವುದಿದ್ದರೆ ಹೈಲೈಟರ್ ಪೆನ್ನು ಬೇಡ. ಅದು ಅರೆಪಾರದರ್ಶಕ, ಬ್ರೈಟ್‌ನೆಸ್ ಏರಿಸಿದರೆ ಕೆಳಗಿನ ಅಕ್ಷರ ಕಾಣುತ್ತದೆ. ಗಟ್ಟಿ ಬಣ್ಣದ ಚೌಕ ಇಟ್ಟು, ಹಾಗೆ ಮುಚ್ಚಿದ ಚಿತ್ರದ ಮತ್ತೊಂದು ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಕಳಿಸಿ. ಯಾಕೆಂದರೆ, ಕತ್ತರಿಸಿದ ಫೋಟೊದಲ್ಲಿ ಮೂಲದ ಭಾಗ ಉಳಿದುಬಿಡುವ ದೋಷ 2023ರಲ್ಲಿ ಗೂಗಲ್‌ನ ಪಿಕ್ಸೆಲ್ ಫೋನುಗಳಲ್ಲೇ ಸಿಕ್ಕಿತ್ತು.

ಪ್ಯಾನ್ ಕಾರ್ಡಿನಲ್ಲಿ ವಿಳಾಸ ಇಲ್ಲ, ಅದು ಒಳ್ಳೇದಲ್ಲವೇ ಎನ್ನುವವರಿದ್ದಾರೆ. ಬೇಡ. ಪ್ಯಾನ್ ಸಂಖ್ಯೆ ಸಾಲಕ್ಕೆ ಬಳಕೆಯಾಗುವಂಥದ್ದು.

ಚೀಟಿ ತಿರಸ್ಕೃತವಾದರೆ ಮೊದಲು ದಿನಾಂಕ ನೋಡಿ. ನಮ್ಮ ಕಡೆ ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದ ಜೂನ್ 1 ಎಷ್ಟೋ ಮಂದಿಯ ಆಧಾರ್‌ನಲ್ಲೂ ಇದೆ. ಖಾತೆಯಲ್ಲಿ ನಿಜವಾದ ಹುಟ್ಟುಹಬ್ಬ ಹಾಕಿದ್ದರೆ ಎರಡೂ ಕೂಡುವುದಿಲ್ಲ. ಹಳೆಯ ಆಧಾರ್‌ನಲ್ಲಿ ಬರೀ ವರ್ಷ ಇದ್ದರೂ ಈ ವರ್ಷವೇ 18 ತುಂಬುವವರಿಗೆ ತೊಡಕು. ಹೆಸರು, ತಂದೆ ಹೆಸರು, ಅಡ್ಡಹೆಸರು ಹಿಂದೆಮುಂದಾಗಿದ್ದರೂ ಅಷ್ಟೇ.

ಮುಖದ ವಿಡಿಯೊ ಆರಿಸುವುದಾದರೆ, ಅದು ಫೋನಿನಲ್ಲೇ ಲೆಕ್ಕವಾಗುತ್ತದೋ ಕಂಪನಿಗೆ ಹೋಗುತ್ತದೋ ಎಂಬುದನ್ನು ಮೊದಲೇ ಓದಿ. ಫೋನಿನಲ್ಲೇ ಮುಗಿಯುವುದಾದರೆ ಚೀಟಿಗಿಂತ ಇದೇ ವಾಸಿ. ಕ್ಯಾಮೆರಾ ಅನುಮತಿ ಕೇಳಿದಾಗ 'ಈ ಬಾರಿ ಮಾತ್ರ' ಒತ್ತಿ. ಸ್ಥಳ, ಸಂಪರ್ಕ ಪಟ್ಟಿ ಕೇಳಿದರೆ ನಿರಾಕರಿಸಿ, ವಯಸ್ಸಿಗೆ ಅವು ಬೇಕಿಲ್ಲ. ಕಿಟಕಿಗೆ ಮುಖಮಾಡಿ, ಚಷ್ಮಾ ತೆಗೆದು ಕೂಡಿ. 18ರ ಆಸುಪಾಸಿನವರ ವಯಸ್ಸು ಅಂದಾಜಿಸುವಾಗ ಯಂತ್ರ ತಪ್ಪುವುದುಂಟು.

ಕೆಲಸ ಮುಗಿದ ಮೇಲೆ ಬಾಚಿ ತೆಗೆಯುವುದೇ ದೊಡ್ಡದು. ಡೌನ್‌ಲೋಡ್ಸ್, ಸ್ಕ್ರೀನ್‌ಶಾಟ್ಸ್, ಎರಡರ ಟ್ರ್ಯಾಶ್, ಗೂಗಲ್ ಫೋಟೊಸ್‌ನ ಬ್ಯಾಕಪ್ – ನಾಲ್ಕೂ ಕಡೆ ಅಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರೆ ಅದರ 'ಸೆಂಟ್' ಫೋಲ್ಡರಿನಲ್ಲೂ ಒಂದು ಪ್ರತಿ ಕೂತಿರುತ್ತದೆ. ಮನೆಮಂದಿಗೆಲ್ಲ ಒಂದೇ ಫೋನ್ ಇದ್ದಲ್ಲಿ ಇದನ್ನು ಮರೆಯಲೇಬಾರದು.

ಬೆಳಗಾವಿಯ ಖಡೇಬಜಾರ್ ಆಗಲಿ, ಬಾಗಲಕೋಟೆಯ ನವನಗರ ಆಗಲಿ, ಝೆರಾಕ್ಸ್ ಅಂಗಡಿಯಲ್ಲಿ ಆಧಾರ್ ತೆಗೆಸಿದರೆ ಕಡತ ಅವರ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಅವರಿಗೆ ಕಳಿಸಿದ್ದರೆ, 'ಡಿಲೀಟ್ ಫಾರ್ ಎವ್ರಿಒನ್' ಚಾಟ್‌ನಿಂದ ಅಳಿಸುತ್ತದೆ, ಅವರು ಇಳಿಸಿಕೊಂಡದ್ದನ್ನಲ್ಲ. ಎದುರಿಗೇ ನಿಂತು ಡೌನ್‌ಲೋಡ್ಸ್ ಮತ್ತು ರಿಸೈಕಲ್ ಬಿನ್ ಎರಡನ್ನೂ ಖಾಲಿ ಮಾಡಿಸಿ. ಅಲ್ಲಿ ನಿಮ್ಮ ವಾಟ್ಸ್‌ಆ್ಯಪ್ ವೆಬ್ ತೆರೆದಿದ್ದರೆ ಫೋನಿನ ಲಿಂಕ್ಡ್ ಡಿವೈಸಸ್‌ಗೆ ಹೋಗಿ ಲಾಗ್‌ಔಟ್ ಮಾಡಿ.

ವಯಸ್ಸಿನ ತಪಾಸಣೆ ಹೆಸರಲ್ಲಿ ಎಪಿಕೆ ಕಡತ (ಪ್ಲೇ ಸ್ಟೋರಿನ ಹೊರಗಿಂದ ಹಾಕುವ ಆ್ಯಪ್) ಹಾಕಿಕೊಳ್ಳಿ ಎಂದರೆ, ಇಲ್ಲವೇ ಫೋನ್ ಕರೆಯಲ್ಲಿ ಒಟಿಪಿ ಕೇಳಿದರೆ ಅದು ಮೋಸ. ಈಗಾಗಲೇ ಕೊಟ್ಟು ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೈ ಆಧಾರ್ ತಾಣದಲ್ಲಿ ಕಳೆದ 6 ತಿಂಗಳಲ್ಲಿ ನಿಮ್ಮ ಆಧಾರ್ ಎಲ್ಲೆಲ್ಲಿ ದೃಢೀಕರಣವಾಗಿದೆ ಎಂಬ ಪಟ್ಟಿಯೂ ಸಿಗುತ್ತದೆ. ಗುರುತು ಸಿಗದ ನಮೂದು ಕಂಡರೆ ಅಲ್ಲೇ ಬಯೊಮೆಟ್ರಿಕ್ ಲಾಕ್ ಹಾಕಿ.