ರಾತ್ರಿ ಎದ್ದವರು ಎತ್ತ ಹೊರಟಿದ್ದಾರೆ?

ಬೆಂಗಳೂರಿನ ಹೊರವಲಯದ ಒಂದು ಡಿಮೆನ್ಶಿಯಾ (ಮರೆವಿನ ಕಾಯಿಲೆ) ಆರೈಕೆ ಕೇಂದ್ರದಲ್ಲಿ ರಾತ್ರಿ ಪಾಳಿ ನನ್ನ ಉಸ್ತುವಾರಿಯಲ್ಲಿದೆ. ತಂದೆಯನ್ನೋ ತಾಯಿಯನ್ನೋ ಸೇರಿಸಲು ಬರುವ ಮಕ್ಕಳು ಮಂಚದಿಂದ ಎದ್ದರೆ ನಮಗೆ ಸೂಚಿಸುವ ಕೊಠಡಿಯ ಸೆನ್ಸರಿನತ್ತ ಕೈ ತೋರಿಸಿ, "ಇದಿದ್ದರೆ ಅವರು ಬೀಳುವುದಿಲ್ಲ ಅಲ್ಲವೇ ಸಿಸ್ಟರ್?" ಎಂದು ಕೇಳುತ್ತಾರೆ. ಬೀಳಬಹುದು ಎಂದೇ ಹೇಳುತ್ತೇನೆ. ಮಂಚದಿಂದ ಇಳಿದ ವೃದ್ಧರು ಮುಗ್ಗರಿಸಲು ಕೆಲವೇ ಕ್ಷಣ ಸಾಕು. ಕಾರಿಡಾರಿನ ಆ ತುದಿಯಿಂದ ಆಯಾ ಬರಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಅಮೆರಿಕದ ಆಸ್ಪತ್ರೆಯೊಂದರ ವಾರ್ಡುಗಳಲ್ಲಿ ಹಾಸಿಗೆ ಅಲಾರಂಗಳ ಬಳಕೆಯನ್ನು ಹೆಚ್ಚಿಸಿ ನೋಡಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಬಳಕೆ ಹೆಚ್ಚಿತು, ಬೀಳುವುದು ಕಡಿಮೆಯಾಗಲಿಲ್ಲ. ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಹಾಗಾದರೆ ಏಕೆ ಇಟ್ಟುಕೊಂಡಿದ್ದೇವೆ? ಯಾರು, ಯಾವಾಗ, ಏಕೆ ಏಳುತ್ತಾರೆ ಎಂಬುದನ್ನು ತಿಳಿಯಲು. ಆ "ಏಕೆ" ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಮೊದಲು ಸಲಕರಣೆಗಳ ಮಾತು. ಹಾಸಿಗೆಯ ಮೇಲೆ ಹಾಸುವ, ಮೈಭಾರ ಸರಿದರೆ ಸೂಚಿಸುವ ಒತ್ತಡದ ಪ್ಯಾಡ್, ದೇಹದ ಶಾಖದ ಚಲನೆಯನ್ನು ಹಿಡಿಯುವ ಇನ್‌ಫ್ರಾರೆಡ್ ಸೆನ್ಸರ್, ಬಾಗಿಲು ತೆರೆದರೆ ಸೂಚಿಸುವ ಆಯಸ್ಕಾಂತದ ಸ್ವಿಚ್: ನಮ್ಮಲ್ಲಿರುವುದು ಇಷ್ಟೇ. ಮಲಗುವ ಕೋಣೆಯಲ್ಲಿ ಕ್ಯಾಮೆರಾ ಇಡುವುದಿಲ್ಲ. ಬಟ್ಟೆ ಬದಲಿಸುವಾಗ ಪರದೆ ಎಳೆಯುವಷ್ಟು ಸಂಕೋಚ ಮರೆವಿನ ಕೊನೆಯ ಹಂತದವರೆಗೂ ಅನೇಕರಲ್ಲಿ ಉಳಿದಿರುತ್ತದೆ.

ಪ್ಯಾಡನ್ನು ಎಲ್ಲಿ ಹಾಸುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಸೊಂಟದ ಕೆಳಗೆ ಬರಬೇಕು. ಬೆನ್ನಿನ ಕೆಳಗಿದ್ದರೆ ದಿಂಬಿಗೆ ಒರಗಿ ಕುಳಿತರೂ ಕೂಗುತ್ತದೆ. ಹತ್ತಿಯ ಹಾಸಿಗೆ ಗಂಟುಗಟ್ಟಿದ್ದರೆ ಅದರ ಅಡಿಯಲ್ಲಿಟ್ಟ ಪ್ಯಾಡಿಗೆ ಭಾರವೇ ತಲುಪುವುದಿಲ್ಲ. ತೀರಾ ಕೃಶವಾದ ಅಜ್ಜಿಯರ ವಿಷಯದಲ್ಲಂತೂ ಮಲಗಿದ್ದರೂ "ಎದ್ದಿದ್ದಾರೆ" ಎನ್ನುತ್ತದೆ. ಅದಕ್ಕೇ ಫೋಮ್ ಹಾಸಿಗೆಯ ಮೇಲೆ ಪ್ಯಾಡ್, ಅದರ ಮೇಲೆ ರಬ್ಬರ್ ಶೀಟ್, ಆಮೇಲೆ ಹೊದಿಕೆ ಎಂಬ ಕ್ರಮ ಇಟ್ಟುಕೊಂಡಿದ್ದೇವೆ. ಮಂಚದ ಪಕ್ಕ ನೆಲಕ್ಕೆ ಹಾಸುವ ಅಲಾರಂ ಚಾಪೆಯನ್ನು ನಾನು ಒಪ್ಪಲಿಲ್ಲ. ಪಾದ ಎತ್ತದೆ ಎಳೆದುಕೊಂಡು ನಡೆಯುವವರಿಗೆ ಅದರ ಅಂಚೇ ಎಡವುಗಲ್ಲು.

ಇನ್‌ಫ್ರಾರೆಡ್ ಸೆನ್ಸರನ್ನು ಪೂರೈಕೆದಾರರು ಗೋಡೆಯ ಮೇಲ್ಮೂಲೆಯಲ್ಲಿ ಕೂರಿಸುತ್ತಾರೆ, ಕಳ್ಳರನ್ನು ಹಿಡಿಯಲು ಕೂರಿಸಿದಂತೆ. ಅಲ್ಲಿಂದ ಮಗ್ಗುಲು ಬದಲಿಸಿದ್ದೂ ಚಲನೆಯೇ, ಹೊದಿಕೆ ಸರಿಸಿದ್ದೂ ಚಲನೆಯೇ. ಹಲ್ಲಿಯೊಂದು ಅದರ ಮುಖದ ಮೇಲೆ ಹರಿದರಂತೂ ಇಡೀ ಮಹಡಿ ಎಚ್ಚರ. ನಾವು ಅದನ್ನು ಮಂಚದ ಕಾಲಿನ ಎತ್ತರಕ್ಕೆ ಇಳಿಸಿ, ಮಂಚದ ಉದ್ದಕ್ಕೂ ನೆಲವನ್ನು ಮಾತ್ರ ನೋಡುವಂತೆ ತಿರುಗಿಸಿದೆವು. ಈಗ ಕಾಲು ಕೆಳಗಿಟ್ಟಾಗ ಮಾತ್ರ ಸದ್ದು. ಅದೇ ಸೆನ್ಸರಿನಿಂದ ಶೌಚಾಲಯದವರೆಗಿನ ಮಂದ ದೀಪಗಳೂ ಹೊತ್ತಿಕೊಳ್ಳುತ್ತವೆ. ನನ್ನನ್ನು ಕೇಳಿದರೆ ಅಲಾರಂಗಿಂತ ಆ ದೀಪಗಳ ಉಪಕಾರವೇ ದೊಡ್ಡದು. ಕಲಬುರಗಿ, ರಾಯಚೂರಿನ ಕಡೆಯವರಿಗೆ ಒಂದು ಮಾತು: ಈ ಸೆನ್ಸರ್ ಸುತ್ತಲಿನ ಬಿಸಿಗೂ ದೇಹದ ಬಿಸಿಗೂ ಇರುವ ವ್ಯತ್ಯಾಸವನ್ನು ಅವಲಂಬಿಸಿದೆ. ಬೇಸಿಗೆಯಲ್ಲಿ ಕೋಣೆಯೇ ಕಾದಿದ್ದರೆ ಅದರ ಗ್ರಹಿಕೆ ಮಂಕಾಗುತ್ತದೆ. ಅಲ್ಲಿ ಪ್ಯಾಡನ್ನು ನೆಚ್ಚಿಕೊಳ್ಳುವುದು ಮೇಲು.

ಇನ್ನು ಸದ್ದು. ಸೈರನ್ ಕೋಣೆಯೊಳಗೇ ಮೊಳಗಿದರೆ ಎದ್ದು ನಿಂತವರು ಬೆಚ್ಚುತ್ತಾರೆ, ಬೆಚ್ಚಿದವರು ಬೀಳುತ್ತಾರೆ. ಪಕ್ಕದ ಮಂಚದವರು "ಬೆಂಕಿ ಬಿತ್ತೇ?" ಎಂದು ಎದ್ದು ಕೂರುತ್ತಾರೆ. ಸ್ವಲ್ಪ ಅರಿವು ಉಳಿದಿರುವವರು ಸದ್ದಿಗೆ ಹೆದರಿ ಅಲುಗಾಡದೆ ಮಲಗಲು ಕಲಿಯುತ್ತಾರೆ. ಕಾಲು ಹಿಡಿದುಕೊಳ್ಳುತ್ತದೆ, ಹಾಸಿಗೆ ಹುಣ್ಣಾಗುತ್ತದೆ. ಇಂಥ ಅಲಾರಂಗಳು ಚಲನೆಗೆ ಹಾಕಿದ ಕಟ್ಟೇ ಆಗಬಹುದು ಎಂದು ಅಮೆರಿಕದ ನರ್ಸಿಂಗ್ ಹೋಂಗಳ ತಪಾಸಣಾ ಮಾರ್ಗಸೂಚಿ 2017ರಿಂದ ಹೇಳುತ್ತಿದೆ. ನಮ್ಮಲ್ಲಿ ಸದ್ದು ಆಯಾ ಸೊಂಟಕ್ಕೆ ಸಿಕ್ಕಿಸಿಕೊಂಡ ಪೇಜರಿನಲ್ಲಿ ಮಾತ್ರ ಕೇಳಿಸುತ್ತದೆ. ಓಡಿ ಬರಬಾರದು, ಹಿಂದಿನಿಂದ ಕರೆಯಬಾರದು, "ಎಲ್ಲಿಗೆ ಹೊರಟಿರಿ?" ಎಂದು ಗದರಿಸಬಾರದು ಎಂದು ಕಲಿಸಿದ್ದೇವೆ. ಎದುರಿಗೆ ಬಂದು, ಹೆಸರು ಹಿಡಿದೋ ಅಮ್ಮ, ಮೇಷ್ಟ್ರೇ ಎಂದೋ ಮಾತನಾಡಿಸಿ, ಕೈ ನೀಡಬೇಕು.

ಪ್ರತಿ ಅಲಾರಂ ಬಂದಾಗಲೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯುವುದು ಕಡ್ಡಾಯ: ಸಮಯ, ಎದ್ದವರು ಏನು ಹುಡುಕುತ್ತಿದ್ದರು, ಏನು ಕೊಟ್ಟ ಮೇಲೆ ಸಮಾಧಾನವಾಯಿತು. ಆರಂಭದಲ್ಲಿ ಆಯಾಗಳು ಗೊಣಗಿದರು. ನಿದ್ದೆಗೆಟ್ಟವರಿಗೆ ಬರವಣಿಗೆ ಬೇರೆ. ಆದರೆ ಪುಟಗಳು ತುಂಬಿದಂತೆ ಚಿತ್ರ ಮೂಡತೊಡಗಿತು. ಒಬ್ಬ ಅಜ್ಜಿ ನಡುರಾತ್ರಿಯ ನಂತರ ಮತ್ತೆ ಮತ್ತೆ ಮೂತ್ರಕ್ಕೆ ಏಳುತ್ತಿದ್ದರು. ಮೂತ್ರ ಹೆಚ್ಚಿಸುವ ಮಾತ್ರೆ ಅವರಿಗೆ ಸಂಜೆಗೆ ಇತ್ತು. ವೈದ್ಯರು ಬೆಳಿಗ್ಗೆಗೆ ಬದಲಿಸಿದರು, ಅಲಾರಂ ಬಹುಮಟ್ಟಿಗೆ ಮೌನವಾಯಿತು. ಮತ್ತೊಬ್ಬರು ಎದ್ದ ಕೂಡಲೇ ತೂರಾಡುತ್ತಿದ್ದರು. ಮಲಗಿದ್ದಾಗ ಮತ್ತು ಎದ್ದು ನಿಂತ 3 ನಿಮಿಷದೊಳಗೆ ರಕ್ತದೊತ್ತಡ ನೋಡಿದರೆ ಮೇಲಿನ ಸಂಖ್ಯೆ 20ಕ್ಕಿಂತ ಹೆಚ್ಚು ಇಳಿಯುತ್ತಿತ್ತು, ತೂರಾಟಕ್ಕೆ ಅದೇ ಕಾರಣ. ಇಂಥದ್ದಕ್ಕೆ ಎಷ್ಟು ಸೆನ್ಸರ್ ಹಾಕಿದರೂ ಏನು ಬಂತು?

ಬೆಳಗಿನ ಜಾವ 4 ಗಂಟೆಗೆ ತಪ್ಪದೆ ಏಳುವವರೊಬ್ಬರಿದ್ದರು. ನಿದ್ದೆ ಮಾತ್ರೆ ಹೆಚ್ಚಿಸಿ ಎಂದು ಮಗನ ಒತ್ತಾಯ. ವಿಚಾರಿಸಿದರೆ, ಜೀವನವಿಡೀ ಆ ಹೊತ್ತಿಗೆ ಎದ್ದು ಹಸು ಕರೆದವರು. ಅವರಿಗೆ ಅದು ರಾತ್ರಿಯಲ್ಲ, ಬೆಳಗು. ಆ ಹೊತ್ತಿಗೆ ಮುಖ ತೊಳೆಸಿ, ಕಾಫಿ ಕೊಟ್ಟು, ಹಜಾರದಲ್ಲಿ ಕೂರಿಸುವ ವ್ಯವಸ್ಥೆ ಮಾಡಿದೆವು. ಅವರ ಪ್ಯಾಡನ್ನು 4ರ ಅನಂತರ ಆಫ್ ಮಾಡುತ್ತಿದ್ದೆವು.

ಬಾಗಿಲ ಸ್ವಿಚ್ಚಿನ ಕೆಲಸ ಹೆಚ್ಚಾಗಿ ಸಂಜೆ. ಹೊತ್ತು ಮುಳುಗುತ್ತಿದ್ದಂತೆ "ಮನೆಗೆ ಹೋಗಬೇಕು, ಮಕ್ಕಳು ಶಾಲೆಯಿಂದ ಬಂದಿರುತ್ತಾರೆ" ಎಂದು ಚೀಲ ಹಿಡಿದು ಹೊರಡುವವರನ್ನು ತಡೆದು ನಿಲ್ಲಿಸಿದರೆ ಜಗಳ. ಸ್ವಿಚ್ ಸೂಚಿಸಿದ ಕೂಡಲೇ ಒಬ್ಬರು ಅವರ ಜೊತೆ ಹೊರಡುತ್ತಾರೆ. ಅಂಗಳ ಸುತ್ತಿ, ಸೊಪ್ಪಿನ ಮಡಿ ನೋಡಿ ಬರುವಷ್ಟರಲ್ಲಿ ಬಹಳ ಮಂದಿಗೆ ಮನೆಯ ಧ್ಯಾನ ಕಳೆದಿರುತ್ತದೆ. ಎಲ್ಲರಿಗೂ ಅಲ್ಲ. ಕೆಲವರೊಡನೆ ಎರಡು ಮೂರು ಸುತ್ತು ಬರಬೇಕು, ಜನ ಕಡಿಮೆಯಿದ್ದ ದಿನ ಅದು ಕಷ್ಟ.

"ಇದೆಲ್ಲ ಏಕೆ, ರಾತ್ರಿ ಮಂಚಕ್ಕೆ ಕಟ್ಟಿಬಿಡಿ" ಎನ್ನುವ ಸಂಬಂಧಿಕರೂ ಇದ್ದಾರೆ. ಅವರು ಕ್ರೂರಿಗಳಲ್ಲ, ಸೊಂಟ ಮುರಿದರೆ ಏನು ಗತಿ ಎಂಬ ಹೆದರಿಕೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಕಲಮನ್ನು ಅವರಿಗೆ ಓದಿ ತೋರಿಸುತ್ತೇನೆ: ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಿದ್ದಾಗ, ಮನೋವೈದ್ಯರ ಅನುಮತಿಯಿಂದ ಮಾತ್ರ ದೈಹಿಕ ನಿರ್ಬಂಧ. ಮಂಚಕ್ಕೆ ಎತ್ತರದ ಸರಳು ಹಾಕಿಸುವುದನ್ನೂ ಒಪ್ಪುವುದಿಲ್ಲ. ಅದನ್ನು ಹತ್ತಿ ದಾಟಲು ಹೋಗಿ ಬೀಳುವ ಪೆಟ್ಟು ಇನ್ನೂ ಜೋರು. ಮಂಚವನ್ನೇ ತಗ್ಗಿಸುತ್ತೇವೆ.

ಮನೆಯಲ್ಲೇ ನೋಡಿಕೊಳ್ಳುತ್ತಿರುವವರು ದುಬಾರಿ ವ್ಯವಸ್ಥೆಗೆ ಕೈ ಹಾಕಬೇಕಿಲ್ಲ. ಬಾಗಿಲು ತೆರೆದರೆ ಸದ್ದು ಮಾಡುವ ಬ್ಯಾಟರಿ ಗಂಟೆ, ಶೌಚಾಲಯದ ದಾರಿಗೆ ತಾನಾಗಿ ಹೊತ್ತುವ ದೀಪ, ಇವೆರಡರಿಂದ ಆರಂಭಿಸಿ. ಗಂಟೆಯ ಸದ್ದಿನ ಭಾಗ ನಿಮ್ಮ ಕೋಣೆಯಲ್ಲಿರಲಿ, ಅವರ ಕೋಣೆಯಲ್ಲಿ ಬೇಡ. ವೈಫೈ ಮೂಲಕ ಮೊಬೈಲಿಗೆ ಸಂದೇಶ ಕಳಿಸುವಂಥದ್ದನ್ನು ಕೊಂಡರೆ ರೂಟರನ್ನೂ ಯುಪಿಎಸ್‌ಗೆ ಸೇರಿಸಿ. ಕರೆಂಟ್ ಹೋದ ರಾತ್ರಿ ಕತ್ತಲೂ ಇರುತ್ತದೆ, ಸಂದೇಶವೂ ಬರುವುದಿಲ್ಲ. ಮಲಗುವ ಮುನ್ನ ದಿನವೂ ಒಮ್ಮೆ ಬಾಗಿಲು ತೆರೆದು ಗಂಟೆ ಬಾರಿಸುತ್ತದೆಯೇ ನೋಡಿಕೊಳ್ಳಿ.