ಎದುರುಗಾಳಿಗೆ ಜೋರು ಹೊಡೆತ ಬೇಡ

ಕಡಲ ದಂಡೆಯ ಗಾಲ್ಫ್ ಮೈದಾನದಲ್ಲಿ (ಲಿಂಕ್ಸ್) ಗಾಳಿ ಎದುರಿಗಿದ್ದರೆ ಜೋರಾಗಿ ಬೀಸಬೇಡಿ. 7 ಐರನ್ ಕೋಲು ಸಾಕೆನಿಸುವ ಕಡೆ, ಚೆಂಡನ್ನು ಇನ್ನೂ ತಗ್ಗಿನಲ್ಲಿ, ಇನ್ನೂ ದೂರ ಕಳಿಸುವ 5 ಐರನ್ ತೆಗೆದುಕೊಳ್ಳಿ. ಹಿಡಿಕೆಯನ್ನು ಒಂದಿಂಚು ಕೆಳಗೆ ಹಿಡಿದು, ಚೆಂಡನ್ನು ಸ್ವಲ್ಪ ಹಿಂಗಾಲಿನ ಕಡೆಗೆ ಇಟ್ಟುಕೊಂಡು, ಮುಕ್ಕಾಲು ಸ್ವಿಂಗ್ ಮಾಡಿ. ಕೈ ಸುಮ್ನೆ ಕೇಳುವುದಿಲ್ಲ, ಗೊತ್ತು! ಆದರೆ ಜೋರಾಗಿ ಹೊಡೆದಷ್ಟೂ ಬ್ಯಾಕ್‌ಸ್ಪಿನ್ (ಚೆಂಡಿನ ಹಿಮ್ಮುಖ ತಿರುಗುವಿಕೆ) ಜಾಸ್ತಿ. ಚೆಂಡು ಗಾಳಿಪಟದ ಹಾಗೆ ಮೇಲೆದ್ದು ಅಲ್ಲೇ ಬೀಳುತ್ತದೆ. ಮೆತ್ತಗೆ ಹೊಡೆದದ್ದು ತಗ್ಗಿನಲ್ಲೇ ಹಾರಿ, ಗಟ್ಟಿ ನೆಲದ ಮೇಲೆ ಉರುಳುತ್ತಾ ಗ್ರೀನ್ (ಕುಳಿಯಿರುವ ನುಣುಪು ಹುಲ್ಲುಹಾಸು) ಸೇರುತ್ತದೆ. ಗ್ರೀನ್‌ಗೆ ಅಡ್ಡವಾಗಿ ಪಾಟ್ ಬಂಕರ್ (ಸಣ್ಣ, ಆಳದ ಮರಳುಗುಂಡಿ) ಇದ್ದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ, ಉರುಳಿದ ಚೆಂಡು ನೇರ ಅದರೊಳಗೇ ಹೋಗುತ್ತದೆ. ಮಳೆಗೆ ನೆಲ ಮೆತ್ತಗಾಗಿದ್ದರೂ ಅಷ್ಟೇ, ಚೆಂಡು ಬಿದ್ದಲ್ಲೇ ನಿಂತುಬಿಡುತ್ತದೆ.